ಒಂದು ಚಿಟಿಕೆ ಜಾಸ್ತಿ

ಗಾಜಿನ ಪುಟ್ಟ ಕೊಳವೆಗೆ ಐದು ಮಿಲಿಲೀಟರ್ ನೀರು. ಮೊದಲ ಬಾಟಲಿಯಿಂದ ಹತ್ತು ಹನಿ. ಎರಡನೆಯ ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಿ ಅದರಿಂದಲೂ ಹತ್ತು ಹನಿ. ಮುಚ್ಚಳ ಹಾಕಿ ಒಂದು ನಿಮಿಷ ಕುಲುಕಿ, ಐದು ನಿಮಿಷ ಕಾಯಬೇಕು. ಹಳದಿ ಬಣ್ಣ ಹಳದಿಯಾಗಿಯೇ ಉಳಿದರೆ ನೀರಿನಲ್ಲಿ ನೈಟ್ರೇಟ್ ಇಲ್ಲ. ಕಿತ್ತಳೆಗೆ ತಿರುಗಿದರೆ ಇದೆ. ಕೆಂಪಾದರೆ ತುಂಬಾ ಇದೆ.

ಅವತ್ತು ಭಾನುವಾರ ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದಿದ್ದ ಕೊಳವೆ ನೋಡನೋಡುತ್ತಲೇ ಕೆಂಪಾಯಿತು. ಕಾಫಿ ಲೋಟ ಹಿಡಿದು ಬಂದ ಅಪ್ಪ ನಿಂತು ನೋಡಿದರು.

"ಏನಮ್ಮಾ ಅದು, ಓಕುಳಿ ನೀರಿದ್ದಂಗೈತೆ?"

"ನಮ್ಮ ಮೀನಿನ ತೊಟ್ಟಿ ನೀರು ಅಪ್ಪ."

"ಕೆಂಪು ಬಂದ್ರೆ ಒಳ್ಳೇದಾ, ಕೆಟ್ಟದ್ದಾ?"

"ಕೆಟ್ಟದ್ದು."

ಅಪ್ಪ ತೊಟ್ಟಿಯ ಕಡೆ ತಿರುಗಿ ನೋಡಿದರು. ನೀರು ಕನ್ನಡಿಯ ಹಾಗೆ ತಿಳಿಯಾಗಿತ್ತು. ಅವರು ನನ್ನ ಮಾತು ನಂಬಲಿಲ್ಲ ಅನ್ನುವುದು ಮುಖದಲ್ಲೇ ಗೊತ್ತಾಗುತ್ತಿತ್ತು.

ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು. ಸಾರಜನಕದ ಚಕ್ರವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಮೇಲೊಂದು ಮೋಡ, ಅದರಿಂದ ಮಿಂಚು, ಕೆಳಗೊಂದು ಹಸು, ಬೇರಿನಲ್ಲಿ ಗಂಟುಗಳಿರುವ ಒಂದು ಗಿಡ, ಸುತ್ತ ಬಾಣದ ಗುರುತುಗಳು. ಆದರೂ ಮಗನ ಒಂಬತ್ತನೇ ಹುಟ್ಟುಹಬ್ಬಕ್ಕೆ ತಂದ ಎರಡು ಗೋಲ್ಡ್‌ಫಿಷ್ ಎಂಟನೆಯ ದಿನ ಒಂದು, ಒಂಬತ್ತನೆಯ ದಿನ ಇನ್ನೊಂದು ಹೊಟ್ಟೆ ಮೇಲಾಗಿ ತೇಲಿದಾಗಲೇ ಆ ಚಕ್ರ ನನ್ನ ಮನೆಯ ಮೂಲೆಯಲ್ಲೂ ತಿರುಗುತ್ತದೆ ಎನ್ನುವುದು ಹೊಳೆದದ್ದು. ಮೀನು ತನ್ನ ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಹಳೆಯ ತೊಟ್ಟಿಯಾದರೆ ಜಲ್ಲಿಯಲ್ಲೂ ಫಿಲ್ಟರಿನ ಸ್ಪಂಜಿನಲ್ಲೂ ಮನೆಮಾಡಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಬೇರೆ ಬ್ಯಾಕ್ಟೀರಿಯಾ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಹೊಸ ತೊಟ್ಟಿಯಲ್ಲಿ ಈ ಯಾವ ಒಕ್ಕಲೂ ಇರುವುದಿಲ್ಲ. ಮೀನು ತಾನು ಬಿಟ್ಟ ಅಮೋನಿಯಾದಲ್ಲೇ ಉಸಿರುಗಟ್ಟುತ್ತದೆ. ನಮ್ಮ ಮನೆಯಲ್ಲಿ ಆಗಿದ್ದು ಅದೇ.

ಎರಡನೇ ಸಲ ತಿಂಗಳುಗಟ್ಟಲೆ ಕಾದು, ಬ್ಯಾಕ್ಟೀರಿಯಾ ನೆಲೆಯೂರಿದ್ದನ್ನು ಪರೀಕ್ಷೆ ಮಾಡಿ ಖಾತ್ರಿಪಡಿಸಿಕೊಂಡು, ಗಪ್ಪಿ ಮತ್ತು ಮಾಲಿ ಮೀನುಗಳನ್ನು ತಂದೆವು. ಅವು ಬದುಕಿದವು, ಮರಿ ಹಾಕಿದವು. ಪಾಠ ಕಲಿತೆ ಅಂದುಕೊಂಡೆ. ಆದರೆ ನಾನು ಕಲಿತದ್ದು ಅರ್ಧ ಪಾಠ ಮಾತ್ರ. ಅಮೋನಿಯಾ ನೈಟ್ರೇಟ್ ಆಗುತ್ತದೆ, ಸರಿ. ನೈಟ್ರೇಟ್ ಏನಾಗುತ್ತದೆ? ಕೆರೆಯ ತಳದ ಗಾಳಿಯಾಡದ ಕೆಸರಿನಲ್ಲಾದರೆ ಅದನ್ನು ಮತ್ತೆ ಗಾಳಿಗೆ ಕಳಿಸುವ ಬ್ಯಾಕ್ಟೀರಿಯಾ ಇರುತ್ತವೆ. ನಾಲ್ಕು ಗಾಜಿನ ಗೋಡೆಯ ನಡುವೆ, ಪಂಪು ಸದಾ ಗಾಳಿ ಊದುವ ನೀರಿನಲ್ಲಿ, ಆ ಕೆಲಸ ನಡೆಯುವುದು ಅಷ್ಟಕ್ಕಷ್ಟೆ. ನೈಟ್ರೇಟ್ ಎಲ್ಲೂ ಹೋಗದೆ ಅಲ್ಲೇ ಉಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ತಿಂಗಳು ಕಳೆದಂತೆ ಏರುತ್ತಾ ಹೋಗುತ್ತದೆ. ಅಮೋನಿಯಾದಂತೆ ಅದು ಎರಡೇ ದಿನದಲ್ಲಿ ಕೊಲ್ಲುವುದಿಲ್ಲ. ಮೀನು ಮಂಕಾಗುತ್ತದೆ, ರೆಕ್ಕೆ ಮುದುರಿಕೊಳ್ಳುತ್ತದೆ, ಮರಿ ಕಡಿಮೆಯಾಗುತ್ತದೆ. ಸಾಕುವವರು 20ರ ಒಳಗಿದ್ದರೆ ನೆಮ್ಮದಿಯಾಗಿರುತ್ತಾರೆ, 40 ದಾಟಿದರೆ ಬಕೆಟ್ ಹುಡುಕುತ್ತಾರೆ. ನಮ್ಮದು 80ರ ಕೆಂಪು. ಲೀಟರಿಗೆ 80 ಮಿಲಿಗ್ರಾಂ.

ಅಮ್ಮ ತೀರಿಕೊಂಡ ಮೇಲೆ ಅಪ್ಪ ನಮ್ಮ ಜೊತೆ ಬಂದಿದ್ದರು. ಚಿಂತಾಮಣಿ ಕಡೆಯ ಊರು ನಮ್ಮದು. ಹಿಪ್ಪುನೇರಳೆ, ಟೊಮೊಟೊ, ಮಳೆ ಬಂದರೆ ರಾಗಿ. ಬದುಕಿಡೀ ಅಪ್ಪ ಬೆಳಿಗ್ಗೆ ಐದಕ್ಕೆ ಎದ್ದದ್ದು ಇನ್ನೊಂದು ಜೀವಕ್ಕೆ ಮೇವು ಹಾಕಲಿಕ್ಕೆ. ಹಸುವಿಗೆ ಹುಲ್ಲು, ರೇಷ್ಮೆ ಹುಳುವಿಗೆ ಸೊಪ್ಪು. ನಾಲ್ಕನೇ ಜ್ವರದಿಂದ ಎದ್ದ ಹುಳು ಸೊಪ್ಪು ಮೇಯುವ ಸದ್ದು ಮಳೆ ಬಿದ್ದ ಹಾಗಿರುತ್ತದೆ. ಆ ದಿನಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಸರಿಯಾಗಿ ಮಲಗಿದ್ದನ್ನು ನಾನು ಕಂಡಿಲ್ಲ. ಬೆಂಗಳೂರಿನ ನಮ್ಮ ಐದನೇ ಮಹಡಿಯ ಮನೆಯಲ್ಲಿ ಐದು ಗಂಟೆಗೆ ಎದ್ದವರಿಗೆ ಮಾಡಲು ಏನಿದೆ? ಮೀನುಗಳಿದ್ದವು. ಅಪ್ಪನ ನೆರಳು ಕಂಡರೆ ಸಾಕು, ಎಲ್ಲವೂ ಗಾಜಿನ ಹತ್ತಿರ ಬಂದು ಬಾಯಿ ಬಿಡುತ್ತಿದ್ದವು.

"ನೋಡು, ಕೇಳ್ತವೆ," ಅನ್ನುತ್ತಿದ್ದರು. ಒಂದು ಚಿಟಿಕೆ ಹಾಕುವರು. ಮತ್ತೆ ಹತ್ತು ಗಂಟೆಗೆ ಒಂದು ಚಿಟಿಕೆ. ಊಟಕ್ಕೆ ಮುಂಚೆ, ಸಂಜೆ ಕಾಫಿಗೆ, ರಾತ್ರಿ ಮಲಗುವ ಮುನ್ನ. ಮಗ ಶಾಲೆಯಿಂದ ಬಂದರೆ ಅವನದೂ ಒಂದು.

ಆ ಭಾನುವಾರ ನಾನು ತಿದ್ದುತ್ತಿದ್ದ ಉತ್ತರಪತ್ರಿಕೆಗಳನ್ನು ಪಕ್ಕಕ್ಕಿಟ್ಟು ಒಂದು ಹಾಳೆಯ ಹಿಂದೆ ಲೆಕ್ಕ ಹಾಕಿದೆ. ನಮ್ಮ ಡಬ್ಬಿಯ ಆಹಾರದಲ್ಲಿ ನೂರಕ್ಕೆ 40 ಭಾಗ ಪ್ರೋಟೀನ್. ಪ್ರೋಟೀನಿನಲ್ಲಿ ಸುಮಾರು 16 ಭಾಗ ಸಾರಜನಕ. ಒಂದು ಗ್ರಾಂ ಆಹಾರದ ಸಾರಜನಕವೆಲ್ಲ ನೈಟ್ರೇಟ್ ಆದರೆ ಸುಮಾರು 280 ಮಿಲಿಗ್ರಾಂ. ನಮ್ಮದು ಎರಡಡಿ ತೊಟ್ಟಿ, ಜಲ್ಲಿ ಕಲ್ಲು ಕಳೆದರೆ 60 ಲೀಟರ್ ನೀರು. ಅಂದರೆ ಪ್ರತಿ ಗ್ರಾಮಿಗೂ ಲೀಟರಿಗೆ ನಾಲ್ಕೂವರೆ ಮಿಲಿಗ್ರಾಮಿನಷ್ಟು ಏರಿಕೆ. ಅಪ್ಪನ ಚಿಟಿಕೆಗಳು ವಾರಕ್ಕೆ ಮೂರು ಗ್ರಾಂ ಆಗುತ್ತಿದ್ದವು. ವಾರಕ್ಕೆ 13, ತಿಂಗಳಿಗೆ 50ರ ಮೇಲೆ.

ಇದಕ್ಕೆ ಎಲ್ಲರೂ ಹೇಳುವ ಮದ್ದು ನೀರು ಬದಲಾಯಿಸುವುದು. ಕಾಲು ಭಾಗ ತೆಗೆದು ಹೊಸ ನೀರು ತುಂಬಿದೆ. ಮರುದಿನ ಪರೀಕ್ಷೆ ಮಾಡಿದರೆ ಅದೇ ಕೆಂಪು. ಮುಂದಿನ ವಾರವೂ ಅದೇ. ಮೂರನೇ ವಾರ ಅನುಮಾನ ಬಂದು ನಲ್ಲಿ ನೀರನ್ನೇ ಕೊಳವೆಗೆ ಹಾಕಿದೆ. ಐದು ನಿಮಿಷದಲ್ಲಿ ಅದೂ ಕೆಂಪಿಗೆ ತಿರುಗಿತು. 40.

ಅದು 2024ರ ಬೇಸಿಗೆ. ನಗರದ ಅಂಚಿನ ನಮ್ಮಂಥ ಕಟ್ಟಡಗಳಿಗೆ ಕಾವೇರಿ ನೀರು ಬಂದಿರಲಿಲ್ಲ, ಇದ್ದ ಬೋರ್‌ವೆಲ್ ಬತ್ತಿತ್ತು, ಟ್ಯಾಂಕರ್ ಬಂದರೆ ನೀರು, ಇಲ್ಲದಿದ್ದರೆ ಇಲ್ಲ. ಟ್ಯಾಂಕರ್ ತರುತ್ತಿದ್ದುದು ಸುತ್ತಲಿನ ಯಾವುದೋ ಊರಿನ ಬೋರ್‌ವೆಲ್ ನೀರನ್ನು. 80 ಇರುವ ತೊಟ್ಟಿಯ ಕಾಲು ಭಾಗ ತೆಗೆದು 40ರ ನೀರು ಹಾಕಿದರೆ 70ಕ್ಕೆ ಇಳಿಯುತ್ತದೆ. ಕಿಟ್ಟಿನ ಬಣ್ಣದ ಪಟ್ಟಿಯಲ್ಲಿ 70ಕ್ಕೂ 80ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಅಷ್ಟರಲ್ಲಿ ವಾರದ 13 ಮತ್ತೆ ಸೇರಿರುತ್ತದೆ. ಜನ ಬಿಂದಿಗೆ ಹಿಡಿದು ಸಾಲು ನಿಂತಿದ್ದ ಬೇಸಿಗೆಯಲ್ಲಿ ನಾನು ವಾರಕ್ಕೊಂದು ಬಕೆಟ್ ನೀರನ್ನು ಸುಮ್ಮನೆ ಮೋರಿಗೆ ಚೆಲ್ಲುತ್ತಿದ್ದೆ.

ಆ ವಾರವೇ ಎರಡು ಗಪ್ಪಿ ಸತ್ತವು. ಸಿಟ್ಟು ಯಾರ ಮೇಲೆ ತೀರಿಸಬೇಕಿತ್ತೋ, ಅಪ್ಪ ಎದುರಿಗಿದ್ದರು.

"ನೀನು ಹಾಕೋ ಊಟದಿಂದಲೇ ಅಪ್ಪ ಅವು ಸಾಯ್ತಿರೋದು."

ಅಪ್ಪ ಏನೂ ಅನ್ನಲಿಲ್ಲ. ಮರುದಿನ ನೋಡಿದರೆ ಆಹಾರದ ಡಬ್ಬಿ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಉಪ್ಪಿನ ಭರಣಿಯ ಪಕ್ಕದಲ್ಲಿತ್ತು. ಐದು ಗಂಟೆಗೆ ಏಳುವುದು ತಪ್ಪಲಿಲ್ಲ. ಎದ್ದು ಬಾಲ್ಕನಿಯಲ್ಲಿ ಕೂತು ಟ್ಯಾಂಕರ್ ಬರುವುದನ್ನು ನೋಡುತ್ತಿದ್ದರು. ತೊಟ್ಟಿಯ ಮುಂದೆ ಹಾದು ಹೋಗಬೇಕಾದಾಗ ಬೇರೆ ಕಡೆ ನೋಡುತ್ತಿದ್ದರು. ಮೀನುಗಳು ಮಾತ್ರ ಅವರ ನೆರಳಿಗೆ ಗಾಜಿನ ಹತ್ತಿರ ಬಂದೇ ಬರುತ್ತಿದ್ದವು. "ತಾತ ಮೀನುಗಳ ಜೊತೆ ಟೂ ಬಿಟ್ಟಿದಾರೆ," ಅಂದ ಮಗ. ಟೂ ಬಿಟ್ಟಿದ್ದು ಯಾರ ಜೊತೆ ಅನ್ನುವುದು ನನಗೆ ಗೊತ್ತಿತ್ತು. ಕ್ಷಮೆ ಕೇಳುವ ರೂಢಿ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಹೀಗೇ ಮೂರು ವಾರ ಕಳೆಯಿತು.

ಅಮ್ಮನ ವರ್ಷದ ತಿಥಿಗೆ ಊರಿಗೆ ಹೋದೆವು. ಕಿಟ್ಟನ್ನು ಚೀಲಕ್ಕೆ ಹಾಕಿಕೊಂಡೆ. ನಮ್ಮ ಊರಿನ ಬೋರ್ ನೀರು ಹಳದಿಯಾಗಿ ನಿಲ್ಲುತ್ತದೆ, ಅದನ್ನು ಅಪ್ಪನಿಗೆ ತೋರಿಸಿ, ತಪ್ಪು ನಿನ್ನದಲ್ಲ, ಈ ಬೆಂಗಳೂರಿನ ಟ್ಯಾಂಕರ್ ನೀರಿನದು ಅಂತ ಹೇಳಿ ಮಾತು ಮುರಿದದ್ದನ್ನು ಸರಿಮಾಡಿಕೊಳ್ಳೋಣ ಎಂಬ ಲೆಕ್ಕ. ತಿಥಿಯ ಮರುದಿನ ಬೆಳಿಗ್ಗೆ ತೊಟ್ಟಿಯ ಪಕ್ಕದ ಕಲ್ಲಿನ ಮೇಲೆ ಕೂತು ಹನಿ ಎಣಿಸಿದೆ. ಅಪ್ಪ, ತಮ್ಮ, ಮಗ ಸುತ್ತ ನಿಂತರು.

ಕುಲುಕಿ ಮುಗಿಸುವಷ್ಟರಲ್ಲೇ ಬಣ್ಣ ಏರಿತು. ಐದು ನಿಮಿಷ ಕಾಯಬೇಕಾಗಿಯೇ ಇರಲಿಲ್ಲ. ಬೆಂಗಳೂರಿನ ನಲ್ಲಿಗಿಂತ, ನಮ್ಮ ಮೀನಿನ ತೊಟ್ಟಿಗಿಂತಲೂ ಗಾಢವಾದ ಕೆಂಪು.

ಯಾರೂ ಮಾತಾಡಲಿಲ್ಲ. ಒಳಗೆ ಅಡುಗೆಮನೆಯಲ್ಲಿ ತಮ್ಮನ ಹೆಂಡತಿ ನಾಲ್ಕು ತಿಂಗಳ ಮಗುವಿಗೆ ಬಾಟಲಿಯಲ್ಲಿ ಹಾಲಿನ ಪುಡಿ ಕಲಸುತ್ತಿದ್ದಳು. ಹಾಲು ಸಾಲದೆ ಡಾಕ್ಟರು ಬರೆದುಕೊಟ್ಟದ್ದು. ನಾನು ಎದ್ದು ಒಳಗೆ ಹೋಗಿ, "ಯಾವ ನೀರು ಹಾಕ್ತೀಯ?" ಅಂತ ಕೇಳಿದೆ.

"ಬೋರ್ ನೀರೇ ಅಕ್ಕ. ಚೆನ್ನಾಗಿ ಕುದಿಸ್ತೀನಿ, ಹತ್ತು ನಿಮಿಷ."

ಕುದಿಸಿದರೆ ಕ್ರಿಮಿ ಸಾಯುತ್ತದೆ. ನೈಟ್ರೇಟ್ ಸಾಯುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಆರು ತಿಂಗಳೊಳಗಿನ ಕೂಸಿನ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ, ರಕ್ತಕ್ಕೆ ಸೇರಿ, ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನನ್ನು ಕೆಲಸಕ್ಕೆ ಬಾರದಂತೆ ಮಾಡಬಲ್ಲದು. ಮಗುವಿನ ತುಟಿ, ಉಗುರು ನೀಲಿಗಟ್ಟುತ್ತವೆ. ನಮ್ಮ ದೇಶದ ಕುಡಿಯುವ ನೀರಿನ ಮಾನಕದಲ್ಲಿ ನೈಟ್ರೇಟಿಗೆ ಹಾಕಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ಇದನ್ನೂ ನಾನು ಪಾಠ ಮಾಡಿದ್ದೇನೆ. ಮಗುವಿನ ಕೈ ಹಿಡಿದು ಉಗುರು ನೋಡಿದೆ. ಗುಲಾಬಿ ಬಣ್ಣವಿತ್ತು. ಬಾಟಲಿಯ ಹಾಲನ್ನು ಬಚ್ಚಲಿಗೆ ಚೆಲ್ಲಿದೆ. ತಮ್ಮ ಬೈಕ್ ಹತ್ತಿ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದ. ಆ ನೀರನ್ನೂ ಪರೀಕ್ಷೆ ಮಾಡಿಯೇ ಒಳಗೆ ಬಿಟ್ಟೆ. ಹಳದಿ. ಮೀನಿನ ಕಿಟ್ಟನ್ನು ನೆಚ್ಚಿ ಕೂರಬಾರದು ಅಂತ ಬೋರ್ ನೀರಿನ ಒಂದು ಬಾಟಲಿಯನ್ನು ಪ್ರಯೋಗಾಲಯಕ್ಕೂ ಕಳಿಸಿದೆವು. ವಾರದ ಮೇಲೆ ವರದಿ ಬಂತು: 96.

ಅಪ್ಪ ಅವತ್ತು ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಕೇಳಿದರು: "ಇದು ಎಲ್ಲಿಂದ ಬಂತಮ್ಮಾ?"

ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯ ಪ್ರಕಾರ ಕರ್ನಾಟಕದಲ್ಲಿ ಪರೀಕ್ಷಿಸಿದ ಅಂತರ್ಜಲದ ಮಾದರಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ನೈಟ್ರೇಟ್ ಮಿತಿ ಮೀರಿದೆ. ಆ ವರದಿಯನ್ನು ನಾನು ನೋಡಿದ್ದು ಆಮೇಲೆ. ಅವತ್ತು ನನಗೆ ಗೊತ್ತಿದ್ದಷ್ಟು ಹೇಳಿದೆ. ತಿಪ್ಪೆಯಿಂದ ಇಳಿಯುತ್ತದೆ, ಕಕ್ಕಸಿನ ಗುಂಡಿಯಿಂದ ಇಳಿಯುತ್ತದೆ, ಗೊಬ್ಬರದಿಂದ ಇಳಿಯುತ್ತದೆ. ಬೆಳೆ ಎಷ್ಟು ತಿನ್ನುತ್ತದೋ ಅಷ್ಟು ತಿಂದು, ಮಿಕ್ಕಿದ್ದು ನೀರಿನ ಜೊತೆ ಕೆಳಗೆ ಹೋಗುತ್ತದೆ.

ಅಪ್ಪ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಟೊಮೊಟೊಗೆ ಎರಡು ಮೂಟೆ ಯೂರಿಯಾ ಅಂದ್ರೆ ನಾನು ಮೂರು ಹಾಕ್ತಿದ್ದೆ," ಅಂದರು. "ಕಮ್ಮಿ ಆಗ್ಬಾರದು ಅಂತ. ಮೀನಿಗೆ ಹಾಕ್ದಂಗೇ."

ಮೂರು ವಾರದ ಮೇಲೆ ಅಪ್ಪ ಮೀನಿನ ಮಾತೆತ್ತಿದ್ದು ಅದೇ ಮೊದಲು. "ನೀನೊಬ್ಬನೇ ಅಲ್ಲಪ್ಪ, ಎಲ್ಲರೂ ಹಾಕಿದಾರೆ," ಅಂದೆ. ಅದು ನಿಜವೇ. ಆದರೆ ಅವರಿಗೆ ಬೇಕಾಗಿದ್ದದ್ದು ಸಮಾಧಾನ ಅಲ್ಲ.

ಸಂಜೆ ತಮ್ಮನ ಕೃಷಿ ಹೊಂಡದ ಕಡೆ ಹೋದರು, ಮಗನೂ ಜೊತೆಗೆ ಹೋದ. ಬೋರ್ ನೀರು ತುಂಬಿಸುವ ಹೊಂಡ ಅದು. ಪ್ಲಾಸ್ಟಿಕ್ ಹಾಳೆಯ ಮೇಲೆ ಕೆಸರು ಸೇರಿದ ಮೂಲೆಯಲ್ಲಿ ಹೈಡ್ರಿಲ್ಲಾ ದಟ್ಟವಾಗಿ ಬೆಳೆದಿತ್ತು. ಅಪ್ಪ ಒಂದು ಹೊರೆ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಬಂದರು.

"ಗೊಬ್ಬರ ಜಾಸ್ತಿ ಆದ ನೆಲದಾಗೆ ಬೆಳೆ ಇಡ್ಬೇಕಮ್ಮಾ. ಅದು ತಿನ್ಲಿ. ನೀರು ಚೆಲ್ಲಿದ್ರೆ ಏನ್ ಬಂತು?"

ಇಷ್ಟು ಸರಳವಾದ ಮಾತು ನನಗೆ ಯಾಕೆ ಹೊಳೆದಿರಲಿಲ್ಲ? ನಮ್ಮ ತೊಟ್ಟಿಯಲ್ಲೂ ಗಿಡಗಳಿದ್ದವು. ಅಂಗಡಿಯವನು ಕೊಟ್ಟ, ಧೂಳು ಹಿಡಿಯದ, ಎಂದೂ ಬಾಡದ ಪ್ಲಾಸ್ಟಿಕ್ ಗಿಡಗಳು.

ಹಿಂತಿರುಗುವಾಗ ಹೊಸಕೋಟೆ ದಾಟಿದ ಮೇಲೆ ರಸ್ತೆ ಪಕ್ಕದ ಒಂದು ಕೆರೆಯಲ್ಲಿ ನೀರೇ ಕಾಣದಂತೆ ಜಲಕಳೆ ಹಬ್ಬಿತ್ತು. ಅಪ್ಪ ಕಿಟಕಿಯಿಂದ ನೋಡಿ, "ಇದಕ್ಯಾರು ಯೂರಿಯಾ ಹಾಕಿದ್ರು?" ಅಂದರು. ನಾವೇ ಹಾಕಿದ್ದು, ದಿನಾ ಬೆಳಿಗ್ಗೆ, ಅಂದೆ. ಅಪ್ಪ ನಕ್ಕರು. ಕೊಳಚೆಯಲ್ಲಿರುವ ಸಾರಜನಕ, ರಂಜಕವನ್ನು ಉಂಡೇ ಆ ಕಳೆ ಹಾಗೆ ಕೊಬ್ಬುವುದು. ಜಕ್ಕೂರು ಕೆರೆಯಲ್ಲಿ ಇದನ್ನೇ ಉಪಾಯ ಮಾಡಿಕೊಂಡಿದ್ದಾರೆ. ಶುದ್ಧೀಕರಣ ಘಟಕದಿಂದ ಬಂದ ನೀರು ಮೊದಲು ಗಿಡಗಳಿರುವ ಜೌಗಿನ ಮೂಲಕ ಹಾದು, ಆಮೇಲೆ ಕೆರೆಗೆ ಸೇರುತ್ತದೆ. ಆದರೆ ಬೆಳೆದದ್ದನ್ನು ತೆಗೆಯದೆ ಬಿಟ್ಟರೆ ಅದು ಅಲ್ಲೇ ಕೊಳೆತು, ತಿಂದದ್ದನ್ನೆಲ್ಲ ನೀರಿಗೇ ವಾಪಸ್ ಕೊಡುತ್ತದೆ.

ಈ ಮಾತನ್ನು ಕಾರಿನಲ್ಲಿ ಅಷ್ಟು ಚೆನ್ನಾಗಿ ವಿವರಿಸಿದವಳು ಮನೆಗೆ ಬಂದು ಅದೇ ತಪ್ಪು ಮಾಡಿದೆ. ಹೈಡ್ರಿಲ್ಲಾವನ್ನು ತಿಳಿಗುಲಾಬಿ ಬಣ್ಣದ ಪೊಟ್ಯಾಷಿಯಂ ಪರ್ಮಾಂಗನೇಟ್ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ತೊಳೆದು, ತೊಟ್ಟಿಗೆ ಹಾಕಿದೆವು. ಇಷ್ಟಾದರೂ ಏರೋಪ್ಲೇನ್ ಚಿಟ್ಟೆಯ ಮರಿಹುಳವೊಂದು ತಪ್ಪಿಸಿಕೊಂಡು ಒಳಗೆ ಸೇರಿತ್ತು. ನಾಲ್ಕು ಗಪ್ಪಿ ಮರಿ ಅದರ ಹೊಟ್ಟೆಗೆ ಹೋದ ಮೇಲೆ ಮಗ ಅದನ್ನು ಹಿಡಿದ. ತೊಟ್ಟಿಯ ದೀಪ ಬರೀ ಅಲಂಕಾರದ ನೀಲಿ ದೀಪ. ಹತ್ತು ದಿನದಲ್ಲಿ ಗಿಡದ ಕೆಳಭಾಗ ಕಂದಾಗಿ ಎಲೆ ಉದುರಿತು. ಹೇಗೂ ಗಿಡ ಇದೆಯಲ್ಲ ಎಂದು ನಾನು ಸುಮ್ಮನಿದ್ದೆ. ಪರೀಕ್ಷೆ ಮಾಡಿದರೆ ಕೆಂಪು ಇನ್ನೂ ಗಾಢವಾಗಿತ್ತು.

ಈ ಸಲ ನಾನು ಯಾರನ್ನೂ ಬೈಯಲಿಲ್ಲ. ಅಪ್ಪ ಕೊಳೆತ ಎಲೆಗಳನ್ನು ಬೆರಳಿನಲ್ಲಿ ಎತ್ತಿ ನೋಡಿ ಹೇಳಿದರು: "ಹುಳದ ಮನೇಲಿ ಏನ್ ಮಾಡ್ತಿದ್ವಿ? ಮೇವು ಹಾಕೋದು ಅರ್ಧ ಕೆಲಸ, ಕಸ ತೆಗೆಯೋದು ಅರ್ಧ. ಕಸ ತೆಗೀದೆ ಇದ್ರೆ ಹುಳ ಉಳಿಯಲ್ಲ."

ಕಸ ತೆಗೆಯುವ ಕೆಲಸ ಅಂದಿನಿಂದ ಅವರದಾಯಿತು. ಬಿಳಿ ದೀಪ ತಂದೆವು, ದಿನಕ್ಕೆ ಎಂಟು ಗಂಟೆ ಉರಿಯಿತು. ಬಾಲ್ಕನಿಯ ಮನಿ ಪ್ಲಾಂಟಿನ ನಾಲ್ಕು ಬಳ್ಳಿ ಕತ್ತರಿಸಿ, ಬೇರು ಮಾತ್ರ ನೀರಿನಲ್ಲಿ, ಎಲೆಯೆಲ್ಲ ಮೇಲೆ ಇರುವಂತೆ ತೊಟ್ಟಿಯ ಅಂಚಿಗೆ ಸಿಕ್ಕಿಸಿದೆವು. ಎಲೆ ಗಾಳಿಯಲ್ಲಿರುವುದರಿಂದ ಇಂಗಾಲದ ಡೈಆಕ್ಸೈಡಿಗೆ ಅದಕ್ಕೆ ಬರವಿಲ್ಲ, ನೀರೊಳಗಿನ ಗಿಡಕ್ಕಿಂತ ಸಲೀಸಾಗಿ ಬೆಳೆಯುತ್ತದೆ. ಮೇಲೆ ತೇಲಲು ಒಂದಷ್ಟು ಅಂತರಗಂಗೆ. ಹೈಡ್ರಿಲ್ಲಾದ ಕೊಳೆಯದ ತುದಿಗಳನ್ನೇ ಮತ್ತೆ ನೆಟ್ಟೆವು. ಗಡಸು ನೀರಿನ ಬೈಕಾರ್ಬನೇಟನ್ನೂ ಬಳಸಿಕೊಳ್ಳಬಲ್ಲ ಗಿಡ ಅದು, ಟ್ಯಾಂಕರ್ ನೀರು ಅದಕ್ಕೆ ಒಗ್ಗಿತು. ಇನ್ನೂ ಒಂದು ವಿಷಯವಿದೆ. ಬಹುಪಾಲು ನೀರುಗಿಡಗಳಿಗೆ ನೈಟ್ರೇಟಿಗಿಂತ ಅಮೋನಿಯಾ ರೂಪದ ಸಾರಜನಕವೇ ಇಷ್ಟ. ಅಂದರೆ ಮೀನು ಬಿಟ್ಟದ್ದು ನೈಟ್ರೇಟ್ ಆಗುವ ಮುಂಚೆಯೇ ಒಂದಷ್ಟು ಪಾಲು ಗಿಡದ ಬಾಯಿಗೆ ಹೋಗುತ್ತದೆ.

ಮೊದಲ ಎರಡು ವಾರ ಏನೂ ಆಗಲಿಲ್ಲ. ಮೂರನೇ ವಾರ ಮನಿ ಪ್ಲಾಂಟಿನ ಬಿಳಿ ಬೇರು ಗೇಣುದ್ದ ಇಳಿಯಿತು. ಅಷ್ಟರಲ್ಲಿ ಮುಂಗಾರು ಬಂತು. ಬಾಲ್ಕನಿಯಲ್ಲಿ ಬಕೆಟ್ ಇಟ್ಟು ಹಿಡಿದ ಮಳೆನೀರನ್ನು ಟ್ಯಾಂಕರ್ ನೀರಿಗೆ ಬೆರೆಸಿ ತೊಟ್ಟಿಗೆ ಹಾಕತೊಡಗಿದೆವು. ಮಗ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರದ ಮನೆಯಲ್ಲಿ ಅಂಕಿ ಬರೆಯುತ್ತಿದ್ದ. 80, 80, 80, 40, 40, 20. ಏಳನೆಯ ವಾರ ಕೊಳವೆಯಲ್ಲಿ ತೆಳುವಾದ ಕಿತ್ತಳೆ ಬಣ್ಣ ನಿಂತಿತು. 10.

ಶನಿವಾರ ಸಂಜೆ ಅಪ್ಪ ತೋಳು ಮಡಚಿ ತೊಟ್ಟಿಯ ಮುಂದೆ ಕೂರುತ್ತಾರೆ. ಹಳದಿಯಾದ ಎಲೆ, ಉದ್ದವಾದ ಬಳ್ಳಿ, ಹೆಚ್ಚಾದ ಅಂತರಗಂಗೆ, ಎಲ್ಲ ಸೇರಿ ಒಂದೆರಡು ಹಿಡಿ ತೆಗೆಯುತ್ತಾರೆ. ಅದರಲ್ಲಿರುವುದು ಆ ವಾರ ಅವರೇ ಹಾಕಿದ ಚಿಟಿಕೆಗಳ ಸಾರಜನಕ. ಅದನ್ನು ಮೋರಿಗೋ ಕೆರೆಗೋ ಎಸೆಯುವುದಿಲ್ಲ, ಕರಿಬೇವಿನ ಕುಂಡದ ಮಣ್ಣಿಗೆ ಹಾಕುತ್ತಾರೆ. ತೆಗೆದ ನೀರೂ ಅಲ್ಲಿಗೇ. ಐದನೇ ಮಹಡಿಯ ಆ ಕರಿಬೇವು ಈಗ ನನ್ನೆತ್ತರ ಇದೆ.

ಊರಿನ ಬೋರ್ ಮಾತ್ರ ಇನ್ನೂ ಕೆಂಪೇ. ನೆಲದಡಿಯ ನೀರಿಗೆ ಬೇರು ಇಳಿಸುವ ಬಳ್ಳಿ ಯಾರ ಹತ್ತಿರವೂ ಇಲ್ಲ. ತಮ್ಮ ಮಣ್ಣು ಪರೀಕ್ಷೆ ಮಾಡಿಸಿ ಯೂರಿಯಾ ಇಳಿಸಿದ್ದಾನೆ. ಅದು ಬೋರ್ ನೀರಿನಲ್ಲಿ ಕಾಣಲು ವರ್ಷಗಳೇ ಬೇಕು. ಮಗು ಈಗ ಓಡಾಡುತ್ತದೆ. ಅದಕ್ಕೆ ಇವತ್ತಿಗೂ ಕ್ಯಾನ್ ನೀರೇ. ಊರಿಗೆ ಹೋದಾಗಲೆಲ್ಲ ಅಪ್ಪ ಕಿಟ್ ಕೇಳುತ್ತಾರೆ. ಕಲ್ಲಿನ ಮೇಲೆ ಕೂತು, ಕನ್ನಡಕ ಏರಿಸಿಕೊಂಡು, ತಾವೇ ಹತ್ತು ಹತ್ತು ಹನಿ ಎಣಿಸಿ ಹಾಕುತ್ತಾರೆ. ಹತ್ತಾದ ಮೇಲೆ ಹನ್ನೊಂದನೆಯ ಹನಿ ಬೀಳದ ಹಾಗೆ ಬಾಟಲಿಯನ್ನು ಥಟ್ಟನೆ ನೆಟ್ಟಗೆ ಮಾಡುತ್ತಾರೆ.

ಇವತ್ತು ಬೆಳಿಗ್ಗೆ ಐದೂವರೆಗೆ ನೀರು ಕುಡಿಯಲು ಎದ್ದು ಬಂದೆ. ತೊಟ್ಟಿಯ ಮುಂದೆ ಅಪ್ಪ ನಿಂತಿದ್ದರು. ಡಬ್ಬಿಯಿಂದ ಒಂದು ಚಿಟಿಕೆ ಹಾಕಿದರು. ಮೀನುಗಳು ಮುಗಿಬಿದ್ದು ತಿಂದು, ಮತ್ತೆ ಗಾಜಿನ ಹತ್ತಿರ ಬಂದು ಬಾಯಿ ತೆರೆದವು. ಅಪ್ಪ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು.

"ಕೇಳ್ತಾ ಅವೆ," ಅಂದರು.

"ಹಾಕಪ್ಪ," ಅಂದೆ. "ಶನಿವಾರ ಎರಡೆಲೆ ಜಾಸ್ತಿ ಕತ್ತರಿಸು."